ಗಣಿ ಮುಚ್ಚಿದ ಮೇಲೂ ಹರಿಯುವ ನೀರು

ಅಮೆರಿಕದ ಕೊಲೊರಾಡೊ ರಾಜ್ಯದ ನೈಋತ್ಯ ಭಾಗದಲ್ಲಿ ಸ್ಯಾನ್ ಹುವಾನ್ ಎಂಬ ಕೌಂಟಿಯಿದೆ, ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ. 2020ರ ಜನಗಣತಿಯ ಪ್ರಕಾರ ಅಲ್ಲಿನ ಜನಸಂಖ್ಯೆ 705. ರಾಜ್ಯದಲ್ಲೇ ಅತ್ಯಂತ ಕಡಿಮೆ ಜನರಿರುವ ಕೌಂಟಿ ಅದು. ಇಡೀ ಕೌಂಟಿಗೆ ಊರು ಎನ್ನಬಹುದಾದದ್ದು ಸಿಲ್ವರ್ಟನ್ ಒಂದೇ. ಸಮುದ್ರಮಟ್ಟದಿಂದ 9,318 ಅಡಿ ಎತ್ತರದ ಕಣಿವೆಯಲ್ಲಿ ಅದು ಕುಳಿತಿದೆ. ಸುತ್ತಲಿನ ಶಿಖರಗಳು 13,000 ಅಡಿ ದಾಟುತ್ತವೆ. ಹಿಮ ಬೀಳಲು ಶುರುವಾದರೆ ತಿಂಗಳುಗಟ್ಟಲೆ ನೆಲ ಕಾಣುವುದಿಲ್ಲ. ಅಲ್ಲಿ ಬೇಸಾಯವಿಲ್ಲ, ಮಾಡುವುದಕ್ಕೆ ತಕ್ಕ ನೆಲವೂ ಹವೆಯೂ ಇಲ್ಲ. ಇಂಥ ಜಾಗಕ್ಕೆ ಹತ್ತೊಂಬತ್ತನೆಯ ಶತಮಾನದಲ್ಲಿ ಸಾವಿರಾರು ಜನ ಹತ್ತಿಬಂದರೆಂದರೆ ಅದಕ್ಕೆ ಕಾರಣ ಒಂದೇ: ಬೆಟ್ಟದೊಳಗಿನ ಬೆಳ್ಳಿ, ಚಿನ್ನ, ಸೀಸ, ಸತು.

ಇಂಥ ಊರುಗಳ ಚರಿತ್ರೆಯನ್ನು ಹೇಳುವ ಒಂದು ಬಳಕೆಯ ರೀತಿ ಇದೆ. ಅದೃಷ್ಟ ಹುಡುಕಿಕೊಂಡು ಬಂದ ಒಂಟಿ ಮನುಷ್ಯ, ಅವನ ಹೇಸರಗತ್ತೆ, ಬ್ಲೇರ್ ಬೀದಿಯ ಸಾರಾಯಿ ಅಂಗಡಿಗಳು, ಹೊಗೆಯುಗುಳುವ ರೈಲು, ಆಮೇಲೆ ಬೆಲೆ ಕುಸಿತ, ಕೊನೆಗೆ ಪಾಳುಬಿದ್ದ ಮರದ ಮನೆಗಳು. ಪ್ರವಾಸಿಗರಿಗೆ ಇಂದಿಗೂ ಕಾಣಸಿಗುವುದು ಇದೇ ಕಥೆ. ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಆ ಕಥೆ ಗಣಿ ಮುಚ್ಚಿದ ದಿನಕ್ಕೆ ಮುಗಿದುಬಿಡುತ್ತದೆ. ಸ್ಯಾನ್ ಹುವಾನ್ ಕೌಂಟಿಯ ಬಗ್ಗೆ ಓದುತ್ತ, ಅಲ್ಲಿನ ಹೊಳೆಗಳ ದಡದಲ್ಲಿ ನಡೆಯುತ್ತ ನನಗೆ ಮನದಟ್ಟಾದದ್ದೇ ಬೇರೆ. ಅಲ್ಲಿ ಗಣಿಗಳು ಮುಚ್ಚಿವೆ, ಗಣಿಗಾರಿಕೆಯ ಇತಿಹಾಸ ಮಾತ್ರ ನಡೆಯುತ್ತಲೇ ಇದೆ. ಅದನ್ನು ಈಗ ನಡೆಸುತ್ತಿರುವುದು ನೀರು.

ಮೊದಲು ಬೆಟ್ಟದ ವಿಷಯ. ಸುಮಾರು 2 ಕೋಟಿ 80 ಲಕ್ಷ ವರ್ಷಗಳ ಹಿಂದೆ ಇಲ್ಲಿ ಭಾರಿ ಜ್ವಾಲಾಮುಖಿಗಳು ಸಿಡಿದು, ಒಳಗಿನ ಶಿಲಾರಸ ಬರಿದಾಗಿ, ನೆಲ ದುಂಡಗೆ ಕುಸಿಯಿತು. ಕುಸಿದ ಜಾಗದ ಅಂಚಿನುದ್ದಕ್ಕೂ ಬಂಡೆ ಬಿರುಕುಬಿಟ್ಟಿತು. ಆಳದಿಂದ ಮೇಲೇರಿದ ಬಿಸಿನೀರು ಆ ಬಿರುಕುಗಳಲ್ಲಿ ಲೋಹಗಳನ್ನು ಇಳಿಸಿ ಹೋಯಿತು. ಗಣಿಗಾರರು ಬೆನ್ನುಹತ್ತಿದ ಅದಿರಿನ ಎಳೆಗಳು ಇವೇ. ಬೆಲೆಬಾಳುವ ಲೋಹಗಳ ಜೊತೆಗೆ ಯಾರಿಗೂ ಬೇಡದ ಪೈರೈಟ್ ಎಂಬ ಖನಿಜವೂ ಇಲ್ಲಿ ಹೇರಳವಾಗಿದೆ. ಅದು ಕಬ್ಬಿಣ ಮತ್ತು ಗಂಧಕ ಕೂಡಿದ್ದು. ಕತ್ತಲಲ್ಲಿ ಮುಚ್ಚಿಕೊಂಡಿರುವಷ್ಟು ಕಾಲ ಅದರಿಂದ ತೊಂದರೆಯಿಲ್ಲ. ಗಾಳಿ ಮತ್ತು ನೀರು ಎರಡೂ ತಾಗಿದರೆ ಗಂಧಕಾಮ್ಲ ಹುಟ್ಟುತ್ತದೆ. ಆ ಆಮ್ಲ ಬಂಡೆಯಲ್ಲಿರುವ ಸತು, ಕ್ಯಾಡ್ಮಿಯಂ, ತಾಮ್ರ, ಸೀಸ, ಅಲ್ಯೂಮಿನಿಯಂಗಳನ್ನು ಕರಗಿಸಿಕೊಂಡು ಹೊರಗೆ ಹರಿಯುತ್ತದೆ. ಒಂದು ಸುರಂಗ ಕೊರೆಯುವುದೆಂದರೆ ಬೆಟ್ಟದ ಒಡಲಿಗೆ ಗಾಳಿಗೂ ನೀರಿಗೂ ಒಟ್ಟಿಗೇ ದಾರಿ ಬಿಟ್ಟುಕೊಟ್ಟಂತೆ. ಈ ಕೌಂಟಿಯಲ್ಲಿ ಇಂಥ ದಾರಿಗಳನ್ನು ನೂರಾರು ಕಡೆ ಕೊರೆದಿದ್ದಾರೆ.

ಅದಕ್ಕೂ ಮೊದಲು ಈ ಬೆಟ್ಟಗಳು ಯೂಟ್ ಎಂಬ ಮೂಲನಿವಾಸಿ ಬುಡಕಟ್ಟಿನ ಜನರವು. ಬೇಸಿಗೆಯಲ್ಲಿ ಮೇಲಿನ ಹುಲ್ಲುಗಾವಲುಗಳಲ್ಲಿ ಬೇಟೆಯಾಡುತ್ತ, ಚಳಿಗಾಲಕ್ಕೆ ಕೆಳಗಿನ ಕಣಿವೆಗಳಿಗೆ ಇಳಿಯುತ್ತ ಅವರು ತಲೆಮಾರುಗಳಿಂದ ಬದುಕಿದ್ದರು. 1860ರಲ್ಲಿ ಚಾರ್ಲ್ಸ್ ಬೇಕರ್ ಎಂಬವನ ತಂಡ ಚಿನ್ನ ಹುಡುಕುತ್ತ ಈ ಕಣಿವೆಗೆ ಬಂದು, ಹೇಳಿಕೊಳ್ಳುವಂಥದ್ದೇನೂ ಸಿಗದೆ ಮರಳಿತು. ಹತ್ತು ವರ್ಷಗಳ ನಂತರ ಅರಾಸ್ಟ್ರಾ ಕಮರಿಯಲ್ಲಿ ಚಿನ್ನದ ಎಳೆ ಸಿಕ್ಕಿತು. ಅಲ್ಲಿಂದ ಜನ ನುಗ್ಗತೊಡಗಿದರು. ಆಗ ಆ ನೆಲ ಒಪ್ಪಂದದ ಪ್ರಕಾರ ಯೂಟರದ್ದು, ಬಂದವರು ಅತಿಕ್ರಮಣಕಾರರು. ಸರ್ಕಾರ ಮೊದಲು ಗಣಿಗಾರರನ್ನು ಹೊರಹಾಕಲು ಆದೇಶಿಸಿತು, ಆಮೇಲೆ ಆದೇಶವನ್ನು ತಡೆಹಿಡಿಯಿತು. ಕೊನೆಗೆ ನೆಲದ ಒಡೆಯರ ಜೊತೆಗೇ ಮಾತುಕತೆಗೆ ಕುಳಿತಿತು.

1873ರ ಸೆಪ್ಟೆಂಬರಿನಲ್ಲಿ ಆದ ಈ ಬ್ರೂನೋ ಒಪ್ಪಂದವನ್ನು ಓದುವಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಯೂಟರ ಪರವಾಗಿ ಮುಂದೆ ನಿಂತವನು ಊರೇ ಎಂಬ ನಾಯಕ. ಹಲವು ಭಾಷೆ ಬಲ್ಲವನು, ಯುದ್ಧ ಮಾಡಿದರೆ ತನ್ನ ಜನ ಉಳಿಯುವುದಿಲ್ಲವೆಂದು ತಿಳಿದವನು. ಅವನ ಮಗನನ್ನು ಬಾಲ್ಯದಲ್ಲೇ ಶತ್ರು ಬುಡಕಟ್ಟಿನವರು ಹೊತ್ತೊಯ್ದಿದ್ದರು. ಸರ್ಕಾರದ ಪರವಾಗಿ ಬಂದ ಫೀಲಿಕ್ಸ್ ಬ್ರೂನೋ ಆ ಮಗನನ್ನು ಹುಡುಕಿಸಿಕೊಡುವ ಭರವಸೆಯಿತ್ತ. ಒಬ್ಬ ಯುವಕನನ್ನು ಹುಡುಕಿ ತಂದರು ಕೂಡ. ಆದರೆ ಆ ಯುವಕ ಊರೇಯನ್ನು ತನ್ನ ತಂದೆಯೆಂದು ಒಪ್ಪಲಿಲ್ಲ. ಮಾತುಕತೆಯಲ್ಲಿ ಯೂಟರು ಹಿಡಿದ ಪಟ್ಟು ಸ್ಪಷ್ಟವಾಗಿತ್ತು: ಬೆಟ್ಟದ ಗಣಿಗಳನ್ನಷ್ಟೇ ಕೊಡುತ್ತೇವೆ, ಕಣಿವೆಯ ಬಯಲುಗಳನ್ನಲ್ಲ. ಕಾಗದದಲ್ಲಿ ಹೋದದ್ದು 37 ಲಕ್ಷ ಎಕರೆ. ಬದಲಿಗೆ ಬುಡಕಟ್ಟಿಗೆ ವರ್ಷಕ್ಕೆ 25,000 ಡಾಲರ್, ಊರೇಗೆ ವರ್ಷಕ್ಕೆ 1,000 ಡಾಲರ್ ಸಂಬಳ. ಬೇಟೆಯ ಹಕ್ಕನ್ನು ಉಳಿಸಲಾಗಿತ್ತು, ಪ್ರಾಣಿಗಳು ಇರುವಷ್ಟು ಕಾಲ ಮತ್ತು ಬಿಳಿಯರೊಡನೆ ಶಾಂತಿ ಇರುವಷ್ಟು ಕಾಲ ಎಂಬ ಷರತ್ತಿನ ಮೇಲೆ.

ಆ ಶಾಂತಿ ಹೆಚ್ಚು ಕಾಲ ಬಾಳಲಿಲ್ಲ. 1879ರಲ್ಲಿ ಉತ್ತರದ ಯೂಟರಿಗೂ ಅವರ ಮೇಲೆ ಬಲವಂತವಾಗಿ ಬೇಸಾಯ ಹೇರಹೊರಟ ಅಧಿಕಾರಿಗೂ ನಡುವೆ ರಕ್ತಪಾತವಾಯಿತು. ಅದನ್ನೇ ನೆಪ ಮಾಡಿಕೊಂಡು ‘ಯೂಟರು ತೊಲಗಬೇಕು’ ಎಂಬ ಕೂಗು ಕೊಲೊರಾಡೊದ ಉದ್ದಗಲಕ್ಕೂ ಎದ್ದಿತು. ಊರೇ 1880ರ ಆಗಸ್ಟಿನಲ್ಲಿ ತೀರಿಕೊಂಡ. ಮರುವರ್ಷ ಅವನ ಪಂಗಡವನ್ನು ಸೈನ್ಯದ ಕಾವಲಿನಲ್ಲಿ ಯೂಟಾದ ಒಣನೆಲಕ್ಕೆ ನಡೆಸಿಕೊಂಡು ಹೋದರು. ಅವನ ಹೆಂಡತಿ ಚಿಪೆಟಾ ಕೂಡ ಹೊರಟವರಲ್ಲಿ ಒಬ್ಬಳು. 1924ರಲ್ಲಿ ಸಾಯುವವರೆಗೆ ಅವಳ ಮನೆ ಅಲ್ಲಿಯೇ. ದಕ್ಷಿಣದ ಯೂಟರು ಮಾತ್ರ ಕೊಲೊರಾಡೊದ ದಕ್ಷಿಣದ ಅಂಚಿನಲ್ಲಿ ಒಂದು ಪಟ್ಟಿ ನೆಲ ಉಳಿಸಿಕೊಂಡರು. ಸಿಲ್ವರ್ಟನ್‌ನಿಂದ ಇಳಿಯುವ ಅನಿಮಾಸ್ ನದಿ ಆ ಪಟ್ಟಿಯ ಮೂಲಕವೇ ಹಾದುಹೋಗುತ್ತದೆ. ಈ ಸಂಗತಿ ಮುಂದೆ ಮತ್ತೆ ಬರುತ್ತದೆ.

ನೆಲ ಸರ್ಕಾರದ ಕೈಗೆ ಬಂದ ಮೇಲೆ ಅದು ಗಣಿಗಾರರ ಕೈಗೆ ಹೋದದ್ದು 1872ರ ಗಣಿಗಾರಿಕೆ ಕಾನೂನಿನ ಮೂಲಕ. ಸಾರ್ವಜನಿಕ ನೆಲದಲ್ಲಿ ಅದಿರಿನ ಎಳೆ ಕಂಡವನು 1,500 ಅಡಿ ಉದ್ದ, 600 ಅಡಿ ಅಗಲದವರೆಗೆ ಗೂಟ ನೆಟ್ಟು ತನ್ನದೆನ್ನಬಹುದು. ವರ್ಷಕ್ಕೆ ನೂರು ಡಾಲರ್ ಬೆಲೆಯ ಕೆಲಸ ಮಾಡಿದರೆ ಹಕ್ಕು ಉಳಿಯುತ್ತಿತ್ತು. 1994ರಲ್ಲಿ ತಡೆ ಬೀಳುವವರೆಗೆ, ಎಕರೆಗೆ ಐದು ಡಾಲರ್ ಕೊಟ್ಟರೆ ನೆಲ ಪೂರ್ತಿ ಅವನದೇ ಆಗುತ್ತಿತ್ತು. ತೆಗೆದ ಲೋಹಕ್ಕೆ ಸರ್ಕಾರಕ್ಕೆ ರಾಜಧನವಿಲ್ಲ. ಕೆಲಸ ಮುಗಿದ ಮೇಲೆ ಸುರಂಗವನ್ನು ಏನು ಮಾಡಬೇಕು ಎಂಬ ಬಗ್ಗೆ ಒಂದು ಸಾಲೂ ಇಲ್ಲ. ಈ ಕಾನೂನು ಇಂದಿಗೂ ಜಾರಿಯಲ್ಲಿದೆ. ಕೌಂಟಿಯ ನಕ್ಷೆಯಲ್ಲಿ ಶಿಖರಗಳ ಮೇಲೆ ಒಂದರ ಮೇಲೊಂದು ಹೇರಿಕೊಂಡಿರುವ ಉದ್ದನೆಯ ಚೌಕಗಳನ್ನು ನೋಡಿದರೆ ಅದರ ಆತುರ ಇಂದಿಗೂ ಕಣ್ಣಿಗೆ ಬೀಳುತ್ತದೆ.

ಅದಿರು ಸಿಕ್ಕರಷ್ಟೇ ಸಾಲದು, ಅದನ್ನು ಕೆಳಗೆ ಸಾಗಿಸಬೇಕಲ್ಲ. ಈಗಿನ ಲಾಟ್ವಿಯಾದಲ್ಲಿ ಹುಟ್ಟಿದ ಯಹೂದಿ ಅನಾಥ ಹುಡುಗ ಓಟೊ ಮಿಯರ್ಸ್ ಕಡಿದಾದ ಬೆಟ್ಟಗಳಲ್ಲಿ ಸುಂಕದ ರಸ್ತೆಗಳನ್ನು ಕಡಿಸಿ, ಆಮೇಲೆ ಗಣಿಗಳಿಗೆ ಪುಟ್ಟ ರೈಲುಗಳನ್ನೂ ಹಾಕಿಸಿದ. ಅವನ ಸಾಹಸವನ್ನು ಕೊಂಡಾಡುವವರು ಇನ್ನೊಂದನ್ನೂ ಹೇಳಬೇಕು: ಯೂಟರನ್ನು ಹೊರಡಿಸುವ ಒಪ್ಪಂದಕ್ಕೆ ಸಹಿ ಹಾಕಿದ ಒಬ್ಬೊಬ್ಬನಿಗೆ ಎರಡೆರಡು ಡಾಲರ್ ಹಂಚಿದವನೂ ಅವನೇ. 1882ರ ಜುಲೈನಲ್ಲಿ ಡುರಾಂಗೊದಿಂದ ಅನಿಮಾಸ್ ಕಮರಿಯ ಗೋಡೆಗೆ ಅಂಟಿಕೊಂಡೇ ಬಂದ 45 ಮೈಲಿಯ ನ್ಯಾರೋಗೇಜ್ ರೈಲು ಸಿಲ್ವರ್ಟನ್ ಮುಟ್ಟಿತು. ಹೇಸರಗತ್ತೆಗಳ ಮೇಲೆ ಹೊತ್ತು ತರುವಾಗ ಲಾಭ ತರದಿದ್ದ ಬಡ ಅದಿರೂ ಈಗ ಲಾಭ ತರತೊಡಗಿತು. ಊರು ಬೆಳೆಯಿತು.

ಆ ಊರಿನ ಬೆಳ್ಳಿಗೂ ನಮ್ಮ ಊರುಗಳ ರೂಪಾಯಿಗೂ ಒಂದು ನಂಟಿತ್ತು. ಆಗ ನಮ್ಮ ರೂಪಾಯಿ ಎಂದರೆ ಬೆಳ್ಳಿಯೇ. ಬೆಳ್ಳಿ ತಂದುಕೊಟ್ಟವರಿಗೆ ಕಲ್ಕತ್ತೆ, ಬೊಂಬಾಯಿಯ ಟಂಕಸಾಲೆಗಳು ರೂಪಾಯಿ ಅಚ್ಚುಹಾಕಿ ಕೊಡುತ್ತಿದ್ದವು. ಹಾಗಾಗಿ ಜಗತ್ತಿನ ಬೆಳ್ಳಿಗೆ ಭಾರತ ದೊಡ್ಡ ಗಿರಾಕಿ. ಬೆಳ್ಳಿಯ ಬೆಲೆ ಇಳಿಯುತ್ತ ಹೋದಂತೆ ರೂಪಾಯಿಯೂ ಇಳಿದು, ಲಂಡನ್ನಿಗೆ ಚಿನ್ನದ ಲೆಕ್ಕದಲ್ಲಿ ಹಣ ಕಳಿಸಬೇಕಾದ ಬ್ರಿಟಿಷ್ ಸರ್ಕಾರಕ್ಕೆ ಕಷ್ಟವಾಯಿತು. 1893ರ ಜೂನ್ 26ರಂದು ಅದು ಟಂಕಸಾಲೆಗಳನ್ನು ಖಾಸಗಿ ಬೆಳ್ಳಿಗೆ ಮುಚ್ಚಿಬಿಟ್ಟಿತು. ಕೆಲವೇ ದಿನಗಳಲ್ಲಿ ಬೆಳ್ಳಿ ಔನ್ಸಿಗೆ 80 ಸೆಂಟಿನ ಆಸುಪಾಸಿನಿಂದ 60 ಸೆಂಟಿನ ಆಸುಪಾಸಿಗೆ ಬಿತ್ತು. ಕೊಲೊರಾಡೊದ ಬೆಳ್ಳಿ ಗಣಿಗಳು ಒಂದರ ಹಿಂದೆ ಒಂದು ನಿಂತವು. ತಿಂಗಳಿಗೆ 45 ಲಕ್ಷ ಔನ್ಸ್ ಬೆಳ್ಳಿ ಕೊಳ್ಳಬೇಕೆಂದು ಅಮೆರಿಕದ ಸರ್ಕಾರವನ್ನು ಕಟ್ಟಿಹಾಕಿದ್ದ 1890ರ ಕಾನೂನನ್ನೂ ಅದೇ ನವೆಂಬರಿನಲ್ಲಿ ರದ್ದುಪಡಿಸಿದರು. ಅಮೆರಿಕದ ಪುಸ್ತಕಗಳು ಈ ಕುಸಿತದ ಬಗ್ಗೆ ಹೇಳುವಾಗ ಹೆಚ್ಚಾಗಿ ವಾಷಿಂಗ್ಟನ್ನಿನ ಆ ಕಾನೂನನ್ನೇ ಹಿಡಿದುಕೊಳ್ಳುತ್ತವೆ. ಮೊದಲ ಪೆಟ್ಟು ಬಿದ್ದದ್ದು ಭಾರತದಲ್ಲಿ ತೆಗೆದುಕೊಂಡ ತೀರ್ಮಾನದಿಂದ, ಅದೂ ಬ್ರಿಟಿಷ್ ಆಡಳಿತಗಾರರ ತೀರ್ಮಾನದಿಂದ. ಸಿಲ್ವರ್ಟನ್‌ನ ಕೂಲಿಯವನಿಗೂ ಮೈಸೂರು ಸೀಮೆಯ ರೈತನಿಗೂ ಒಬ್ಬರ ಬಗ್ಗೆ ಇನ್ನೊಬ್ಬರಿಗೆ ಏನೂ ತಿಳಿದಿರಲಿಲ್ಲ. ಇಬ್ಬರ ಬದುಕನ್ನೂ ಅಲುಗಿಸಿದ ಹಗ್ಗದ ತುದಿ ಇದ್ದದ್ದು ಲಂಡನ್ನಿನಲ್ಲಿ.

ಸಿಲ್ವರ್ಟನ್ ಸಾಯಲಿಲ್ಲ, ಏಕೆಂದರೆ ಅದರ ಬೆಟ್ಟಗಳಲ್ಲಿ ಚಿನ್ನವೂ ಸೀಸ, ಸತುಗಳೂ ಇದ್ದವು. ಓಲಾಫ್ ನೆಲ್ಸನ್ ಎಂಬವನು 1887ರಲ್ಲಿ ಗೂಟ ನೆಟ್ಟ ಗೋಲ್ಡ್ ಕಿಂಗ್ ಗಣಿ ಅವನು ಸತ್ತ ಮೇಲೆ ಬೇರೆಯವರ ಕೈಯಲ್ಲಿ ಹೊನ್ನು ಕೊಟ್ಟಿತು. ಯುರೇಕಾ ಎಂಬಲ್ಲಿ ಸನ್ನಿಸೈಡ್ ಗಣಿಯವರು ಮೊದಲ ಮಹಾಯುದ್ಧದ ಹೊತ್ತಿಗೆ, ಅದಿರಿನ ಪುಡಿಯನ್ನು ನೀರು ಮತ್ತು ಎಣ್ಣೆಯ ನೊರೆಯಲ್ಲಿ ತೇಲಿಸಿ ಸೀಸವನ್ನೂ ಸತುವನ್ನೂ ಬೇರೆಬೇರೆಯಾಗಿ ತೆಗೆಯುವ ವಿಧಾನವನ್ನು ತಂದರು. ಉಳಿದ ನುಣ್ಣನೆಯ ಹುಡಿಯನ್ನು ಹೊಳೆಗೆ ಬಿಡುತ್ತಿದ್ದರು. ಕೆಳಗಿನ ಡುರಾಂಗೊದಲ್ಲಿ ನದಿಯ ನೀರು ಬೂದುಬಣ್ಣಕ್ಕೆ ತಿರುಗಿತು.

ದುಡಿದವರು ನಾನಾ ದೇಶದವರು. ಇಟಲಿಯವರು, ಟೈರೋಲಿನವರು, ಸ್ವೀಡನ್ನಿನವರು, ಇಂಗ್ಲೆಂಡಿನ ಕಾರ್ನ್‌ವಾಲಿನವರು. ಈ ಕಾರ್ನ್‌ವಾಲಿನ ಜನ ನಮಗೂ ಅಪರಿಚಿತರಲ್ಲ. ತಮ್ಮ ಊರಿನ ತವರ, ತಾಮ್ರದ ಗಣಿಗಳು ಸೊರಗಿದಾಗ ಅವರು ಗಣಿ ಇದ್ದಲ್ಲೆಲ್ಲ ಹರಡಿದರು. ಜಾನ್ ಟೇಲರ್ ಕಂಪನಿ 1880ರ ದಶಕದಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಕರೆತಂದ ಮೇಸ್ತ್ರಿಗಳು ಅವರೇ. ಒಂದೇ ಕುಟುಂಬದ ಒಬ್ಬ ಅಣ್ಣ ಕೋಲಾರಕ್ಕೆ, ಒಬ್ಬ ತಮ್ಮ ಕೊಲೊರಾಡೊಕ್ಕೆ ಹೋಗಬಹುದಾಗಿದ್ದ ಕಾಲ ಅದು. ಎರಡೂ ಕಡೆ ಆಳದಲ್ಲಿ ಉಸಿರಿನೊಂದಿಗೆ ಒಳಹೋದ ಕಲ್ಲುಹುಡಿ ಎದೆಯೊಳಗೆ ಒಂದೇ ರೋಗ ಬಿತ್ತುತ್ತಿತ್ತು.

ಸಿಲ್ವರ್ಟನ್‌ನಲ್ಲಿ ಸಾವಿಗೆ ಇನ್ನೂ ಹಲವು ದಾರಿಗಳಿದ್ದವು. ಗಣಿಯವರು ಮಲಗುತ್ತಿದ್ದ ಮರದ ಛತ್ರಗಳನ್ನು ಸುರಂಗದ ಬಾಯಿಗೆ ಹತ್ತಿರವಾಗಲೆಂದು ಹಿಮಕುಸಿತದ ಹಾದಿಯಲ್ಲೇ ಕಟ್ಟಿದ್ದರು. 1906ರ ಮಾರ್ಚ್‌ನಲ್ಲಿ ಶೆನಂಡೊವಾ ಗಣಿಯ ಛತ್ರದ ಮೇಲೆ ಹಿಮ ಕುಸಿದು 12 ಮಂದಿ ಸತ್ತರು. 1918ರ ಇನ್‌ಫ್ಲುಯೆಂಜಾ ಕೆಲವೇ ವಾರಗಳಲ್ಲಿ ಊರಿನ ಸುಮಾರು ಹತ್ತರಲ್ಲಿ ಒಬ್ಬರನ್ನು ಕೊಂಡೊಯ್ದಿತು. ಕಲ್ಲುಹುಡಿ ತುಂಬಿದ ಎದೆಗಳಿಗೆ ಆ ಜ್ವರವನ್ನು ತಡೆಯುವ ಕಸುವೆಲ್ಲಿ? ಊರ ಮೇಲಿನ ಇಳಿಜಾರಿನ ಸ್ಮಶಾನದಲ್ಲಿ ಅವರಲ್ಲಿ ಹಲವರನ್ನು ಒಂದೇ ಕಂದಕದಲ್ಲಿ ಹೂಳಿದ್ದಾರೆ. ಈ ದುಡಿಯುವವರ ಸಂಘವನ್ನು ನಾನು ಗೌರವಿಸುತ್ತೇನೆ, ಆದರೆ 1902ರಲ್ಲಿ ಚೀನೀಯರನ್ನು ಊರಿನಿಂದ ಓಡಿಸಿದ್ದೂ ಅದೇ ಸಂಘದ ಬಹಿಷ್ಕಾರ. ಬಟ್ಟೆ ಒಗೆದು, ಅಡುಗೆ ಮಾಡಿ ಬದುಕುತ್ತಿದ್ದ ಜನರನ್ನು ಓಡಿಸಿದರೆ ಯಾರ ಕೂಲಿ ಹೆಚ್ಚಿತು?

ಇನ್ನು ನೀರಿನ ಲೆಕ್ಕಕ್ಕೆ ಬರುತ್ತೇನೆ. ಸಿಲ್ವರ್ಟನ್‌ನ ಅಂಚಿನಲ್ಲಿ ಸಿಮೆಂಟ್ ಕ್ರೀಕ್ ಎಂಬ ಹೊಳೆ ಅನಿಮಾಸ್ ನದಿಯನ್ನು ಕೂಡುತ್ತದೆ. ಅದರ ತಳದ ಕಲ್ಲುಗಳೆಲ್ಲ ಕಾವಿ ಬಳಿದ ಹಾಗಿವೆ. ನೀರು ತಿಳಿಯಾಗಿರುತ್ತದೆ, ಆದರೆ ಹುಡುಕಿದರೂ ಒಂದು ಮೀನಿಲ್ಲ, ಪಾಚಿಯೂ ಅಪರೂಪ. ನ್ಯಾಯವಾಗಿ ಹೇಳಬೇಕೆಂದರೆ ಇದೆಲ್ಲವೂ ಗಣಿಯ ಕೆಲಸವಲ್ಲ. ಪೈರೈಟ್ ತುಂಬಿದ ಬಂಡೆ ತಾನಾಗಿಯೂ ಆಮ್ಲ ಒಸರುತ್ತದೆ. ಪಕ್ಕದ ಮಿನರಲ್ ಕ್ರೀಕ್ ಹೊಳೆಯ ನೀರು ಕುಡಿಯಲಾಗದಷ್ಟು ಖನಿಜಮಯವಾಗಿದೆಯೆಂದು 1874ರಲ್ಲಿ, ದೊಡ್ಡ ಗಣಿಗಳು ಏಳುವ ಮೊದಲೇ, ಸರ್ಕಾರಿ ಮೋಜಣಿದಾರರು ಬರೆದಿದ್ದರು. ಈ ಸಂಗತಿಯನ್ನು ಗಣಿ ಕಂಪನಿಗಳ ಪರ ಮಾತಾಡುವವರು ಬಹಳ ಮುಂದೆ ಮಾಡುತ್ತಾರೆ. ಬೆಟ್ಟ ತಾನೇ ಒಸರುವುದಕ್ಕೂ, ಮೈಲಿಗಟ್ಟಲೆ ಸುರಂಗ ಕೊರೆದು ಒಸರಿಸುವುದಕ್ಕೂ ಇರುವ ಅಂತರವನ್ನು ಅವರು ಹೇಳುವುದಿಲ್ಲ.

ಬೆಟ್ಟದೊಳಗಿನ ನೀರು ಮೊದಲು ತನ್ನ ಬಲ ತೋರಿಸಿದ್ದು 1978ರ ಜೂನ್ 4ರಂದು. ಸನ್ನಿಸೈಡ್ ಗಣಿಯ ಸುರಂಗಗಳು ಎಮ್ಮಾ ಎಂಬ ಪರ್ವತ ಸರೋವರದ ತಳದ ಸಮೀಪಕ್ಕೇ ಹೋಗಿದ್ದವು. ಅಂದು ತಳ ಒಡೆದು ಇಡೀ ಸರೋವರ ಗಣಿಯೊಳಗೆ ಇಳಿಯಿತು. ಕೆಸರು, ಮರದ ದಿಮ್ಮಿ, ಯಂತ್ರಗಳನ್ನು ತಳ್ಳಿಕೊಂಡು ಗ್ಲ್ಯಾಡ್‌ಸ್ಟನ್‌ನಲ್ಲಿರುವ ಅಮೆರಿಕನ್ ಟನಲ್ ಎಂಬ ಸುರಂಗದ ಬಾಯಿಂದ ಹೊರಬಿದ್ದಿತು. ಅಂದು ಭಾನುವಾರ. ಒಳಗೆ ಒಬ್ಬನೂ ಇರಲಿಲ್ಲ. ಊರಿನ ಮೇಲಿನ ಗುಡ್ಡದಲ್ಲಿ 1959ರಲ್ಲಿ ನಿಲ್ಲಿಸಿದ ಏಸುವಿನ ಅಮೃತಶಿಲೆಯ ಮೂರ್ತಿಯೇ ಕಾಪಾಡಿತೆಂದು ಊರವರು ನಂಬಿದರು. ವಾರದ ಬೇರೆ ದಿನವಾಗಿದ್ದರೆ ಎಷ್ಟು ಮನೆಗಳ ದೀಪ ಆರುತ್ತಿತ್ತೆಂದು ನೆನೆದರೆ ಆ ನಂಬಿಕೆಯನ್ನು ಅಲ್ಲಗಳೆಯಲು ಯಾರಿಗೂ ಬಾಯಿ ಬರದು.

ಸನ್ನಿಸೈಡ್ 1991ರಲ್ಲಿ ಮುಚ್ಚಿತು. ಕೌಂಟಿಯ ಕೊನೆಯ ದೊಡ್ಡ ಗಣಿ ಅದು. ಅಮೆರಿಕನ್ ಟನಲಿನಿಂದ ನೀರು ಹರಿಯುತ್ತಲೇ ಇತ್ತು, ಅದನ್ನು ಶುದ್ಧೀಕರಿಸುವ ಘಟಕವನ್ನು ಕಂಪನಿ ನಡೆಸುತ್ತಿತ್ತು. ಎಷ್ಟು ಕಾಲ ನಡೆಸಬೇಕು? ನೀರು ನಿಲ್ಲುವವರೆಗೆ, ಎಂದರೆ ಎಂದೆಂದಿಗೂ. ಕಂಪನಿಗೆ ಅದು ಬೇಡವಾಗಿತ್ತು. ರಾಜ್ಯದೊಂದಿಗೆ ಒಪ್ಪಂದ ಮಾಡಿಕೊಂಡು, 1996ರಿಂದ ಆರೇಳು ವರ್ಷಗಳಲ್ಲಿ ಸುರಂಗದೊಳಗೆ ಕಾಂಕ್ರೀಟಿನ ಭಾರಿ ತಡೆಗೋಡೆಗಳನ್ನು ಕಟ್ಟಿತು. ಗೋಡೆಯ ಹಿಂದೆ ನೀರು ಬೆಟ್ಟದ ತುಂಬ ಏರಿತು. ಆಮೇಲೆ, ಹೆಚ್ಚೇನೂ ಒಸರದಿದ್ದ ಮೇಲಿನ ಗೋಲ್ಡ್ ಕಿಂಗ್ ಗಣಿಯಿಂದ ಆಮ್ಲದ ನೀರು ಹರಿಯತೊಡಗಿತು. ಎರಡಕ್ಕೂ ಸಂಬಂಧವಿಲ್ಲವೆಂದು ಕಂಪನಿ ವಾದಿಸುತ್ತ ಬಂದಿದೆ. ಶುದ್ಧೀಕರಣ ಘಟಕ ಬೇರೆಯವರ ಕೈಗೆ ಹೋಗಿ 2004ರಲ್ಲಿ ನಿಂತುಹೋಯಿತು. ಮುಂದಿನ ವರ್ಷಗಳಲ್ಲಿ ಕೆಳಗಿನ ಕಮರಿಯಲ್ಲಿ ಟ್ರೌಟ್ ಮೀನುಗಳು ಕಡಿಮೆಯಾದವು.

2015ರ ಆಗಸ್ಟ್ 5ರಂದು ಕೇಂದ್ರದ ಪರಿಸರ ಸಂರಕ್ಷಣಾ ಸಂಸ್ಥೆಯ ಗುತ್ತಿಗೆದಾರರು ಗೋಲ್ಡ್ ಕಿಂಗ್‌ನ ಕುಸಿದ ಬಾಯಿಯನ್ನು ಪರೀಕ್ಷಿಸಲು ಮಣ್ಣು ತೆಗೆಯುತ್ತಿದ್ದಾಗ, ಹಿಂದೆ ಒತ್ತಡದಲ್ಲಿ ನಿಂತಿದ್ದ ನೀರು ಸಿಡಿದು ಹೊರಬಂತು. ಸುಮಾರು 30 ಲಕ್ಷ ಗ್ಯಾಲನ್, ಎಂದರೆ 1 ಕೋಟಿ 13 ಲಕ್ಷ ಲೀಟರ್. ಅನಿಮಾಸ್ ನದಿ ಕಿತ್ತಳೆ ಬಣ್ಣ ತಾಳಿ ಮರುದಿನ ಡುರಾಂಗೊ ತಲುಪಿತು. ಆ ಚಿತ್ರಗಳು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದವು. ಕೆಳದಂಡೆಯ ನ್ಯೂ ಮೆಕ್ಸಿಕೊ ರಾಜ್ಯದ ಅಧಿಕಾರಿಗಳಿಗೆ ಸುದ್ದಿ ಮುಟ್ಟಿದ್ದು ಮಾತ್ರ ಪರಿಸರ ಸಂಸ್ಥೆಯಿಂದಲ್ಲ, ಸುಮಾರು ಒಂದು ದಿನ ತಡವಾಗಿ, ದಕ್ಷಿಣ ಯೂಟ್ ಬುಡಕಟ್ಟಿನವರಿಂದ. ಯಾರನ್ನು ಈ ಬೆಟ್ಟಗಳಿಂದ ಇಳಿಸಿ ಅಂಚಿಗೆ ತಳ್ಳಿದ್ದರೋ ಅವರೇ ನದಿಯನ್ನು ನೋಡಿ, ಕೆಳಗಿನವರನ್ನು ಎಚ್ಚರಿಸಿದರು.

ಹೆಚ್ಚು ನೊಂದವರು ನವಾಹೊ ಎಂಬ ಮೂಲನಿವಾಸಿ ಜನ. ಅನಿಮಾಸ್ ಕೂಡುವ ಸ್ಯಾನ್ ಹುವಾನ್ ನದಿಯ ಕಾಲುವೆಗಳಿಂದ ಶಿಪ್‌ರಾಕ್ ಸುತ್ತ ಮೆಕ್ಕೆಜೋಳ, ಕಲ್ಲಂಗಡಿ ಬೆಳೆಯುವವರು ಅವರು. ಮೆಕ್ಕೆಜೋಳದ ಪರಾಗವಿಲ್ಲದೆ ಅವರ ಪ್ರಾರ್ಥನೆ ನಡೆಯುವುದಿಲ್ಲ. ನೀರು ಸುರಕ್ಷಿತವೆಂದು ಅಧಿಕಾರಿಗಳು ಹೇಳಿದ ಮೇಲೂ ಶಿಪ್‌ರಾಕಿನ ರೈತರು ಒಂದು ವರ್ಷ ಕಾಲುವೆಗೆ ನದಿನೀರು ಬಿಡುವುದಿಲ್ಲವೆಂದು ತೀರ್ಮಾನಿಸಿದರು. ಬೆಳೆ ಒಣಗಿತು. ಏಳು ವರ್ಷಗಳ ಬಳಿಕ, 2022ರಲ್ಲಿ, ಕೇಂದ್ರ ಸರ್ಕಾರ ನವಾಹೊ ರಾಷ್ಟ್ರಕ್ಕೆ 3 ಕೋಟಿ 10 ಲಕ್ಷ ಡಾಲರ್ ಕೊಡಲು ಒಪ್ಪಿತು.

ಆದರೆ ನನ್ನ ನಿದ್ದೆ ಕೆಡಿಸುವುದು ಆ ಕಿತ್ತಳೆ ನೀರಲ್ಲ. ಅದೇ ಪರಿಸರ ಸಂಸ್ಥೆಯ ಅಂದಾಜಿನಂತೆ ಈ ಪ್ರದೇಶದ ಗಣಿಗಳಿಂದ ದಿನವೊಂದಕ್ಕೆ ಸುಮಾರು 54 ಲಕ್ಷ ಗ್ಯಾಲನ್ ಆಮ್ಲದ ನೀರು ಹೊರಬರುತ್ತಿತ್ತು. ಜಗತ್ತು ಬೆಚ್ಚಿಬಿದ್ದ ಆ ಒಂದು ಅವಘಡಕ್ಕಿಂತ ಹೆಚ್ಚು ನೀರು, ದಿನದಿನವೂ, ಯಾರ ಕ್ಯಾಮೆರಾಕ್ಕೂ ಬೀಳದೆ. ಅಂದು ಬೆಟ್ಟದೊಳಗೆ ಕೂಡಿಬಿದ್ದಿದ್ದ ಕಬ್ಬಿಣದ ಕೆಸರು ಒಮ್ಮೆಲೇ ಎದ್ದು ಬಂದದ್ದರಿಂದ ಬಣ್ಣ ಅಷ್ಟು ಗಾಢವಾಯಿತು. ಕರಗಿದ ಸತುವಿಗೆ, ಕ್ಯಾಡ್ಮಿಯಂಗೆ ಬಣ್ಣವಿಲ್ಲ. ಬಣ್ಣವಿಲ್ಲದ್ದಕ್ಕೆ ಪರಿಹಾರವೂ ಸುಲಭವಾಗಿ ಸಿಗುವುದಿಲ್ಲ.

ಸಿಲ್ವರ್ಟನ್‌ನ ಜನ ಇಪ್ಪತ್ತು ವರ್ಷ ಕಾಲ ತಮ್ಮ ಊರನ್ನು ಸೂಪರ್‌ಫಂಡ್ ಪಟ್ಟಿಗೆ, ಎಂದರೆ ಶುಚಿಗೊಳಿಸಬೇಕಾದ ಅತಿ ಕಲುಷಿತ ತಾಣಗಳ ಕೇಂದ್ರದ ಪಟ್ಟಿಗೆ, ಸೇರಿಸುವುದನ್ನು ವಿರೋಧಿಸಿದ್ದರು. ವಿಷದ ಊರೆಂದು ಹೆಸರು ಬಿದ್ದರೆ ಬೇಸಿಗೆಯ ರೈಲಿನಲ್ಲಿ ಬರುವ ಪ್ರವಾಸಿಗರೂ ನಿಂತುಹೋದಾರು, ಗಣಿ ಮತ್ತೆಂದೂ ತೆರೆಯದಿದ್ದೀತು ಎಂಬ ಭಯ. ಹೊರಗಿನವರು ಇದನ್ನು ಮೊಂಡುತನವೆಂದು ಟೀಕಿಸಿದರು. ನಾನು ಹಾಗೆ ಹೇಳಲಾರೆ. ಲಾಭ ದೂರದ ನಗರಗಳಿಗೆ ಹೋಗಿತ್ತು, ಕೂಲಿ ನಿಂತಿತ್ತು, ಉಳಿದದ್ದು ಊರಿನ ಹೆಸರೊಂದೇ. ಅವರು ಸುಮ್ಮನೆ ಕೂರಲೂ ಇಲ್ಲ. 1994ರಲ್ಲೇ ಅನಿಮಾಸ್ ನದಿಯ ಹಿತಾಸಕ್ತರ ಗುಂಪು ಕಟ್ಟಿಕೊಂಡು, ಹೊಳೆ ಹೊಳೆಯ ನೀರು ಅಳೆದು, ಹಲವು ಹಳೆಯ ತ್ಯಾಜ್ಯದ ರಾಶಿಗಳನ್ನು ಸರಿಪಡಿಸಿದರು. ಆದರೆ ಸುರಂಗದಿಂದ ಹರಿಯುವ ನೀರಿಗೆ ಅವರು ಕೈ ಹಾಕುವಂತಿರಲಿಲ್ಲ. ಯಾರೋ ಬಿಟ್ಟುಹೋದ ಗಣಿಯ ನೀರನ್ನು ಶುದ್ಧಮಾಡಲು ಮುಂದಾದವರು ಆ ನೀರಿಗೆ ಕಾನೂನಿನ ಪ್ರಕಾರ ತಾವೇ ಹೊಣೆಯಾಗುತ್ತಿದ್ದರು. ಅವಘಡದ ನಂತರ 2016ರಲ್ಲಿ ಬೊನಿಟಾ ಪೀಕ್ ಗಣಿ ಪ್ರದೇಶವೆಂಬ ಹೆಸರಿನಲ್ಲಿ 48 ತಾಣಗಳು ಸೂಪರ್‌ಫಂಡ್ ಪಟ್ಟಿ ಸೇರಿದವು. ಪ್ರವಾಸಿಗರು ಬರುವುದು ನಿಲ್ಲಲಿಲ್ಲ.

ಗ್ಲ್ಯಾಡ್‌ಸ್ಟನ್‌ನಲ್ಲಿ 2015ರ ಅಕ್ಟೋಬರಿನಿಂದ ಮತ್ತೆ ಒಂದು ಶುದ್ಧೀಕರಣ ಘಟಕ ನಡೆಯುತ್ತಿದೆ. ಗೋಲ್ಡ್ ಕಿಂಗ್‌ನ ನೀರಿಗೆ ಸುಣ್ಣ ಬೆರೆಸಿ, ಲೋಹಗಳನ್ನು ಕೆಸರಾಗಿ ಇಳಿಸಿ, ತಿಳಿನೀರನ್ನು ಸಿಮೆಂಟ್ ಕ್ರೀಕ್‌ಗೆ ಬಿಡುತ್ತಾರೆ. ಆ ಕೆಸರು ದಿನದಿನವೂ ಬೆಳೆಯುತ್ತದೆ, ಅದನ್ನು ಇಡಲು ಜಾಗ ಬೇಕು, ಚಳಿಗಾಲದಲ್ಲಿ ಹಿಮಕುಸಿತದ ರಸ್ತೆಯಲ್ಲಿ ಕೆಲಸಗಾರರು ಹೋಗಿಬರಬೇಕು. ಇದೊಂದೇ ಘಟಕ, ಒಂದೇ ಗಣಿಯ ನೀರಿಗೆ. ಉಳಿದ ಸುರಂಗಗಳ ನೀರು ಹೇಗಿತ್ತೋ ಹಾಗೆಯೇ ಹೊಳೆಗೆ ಬೀಳುತ್ತಿದೆ.

2024ರ ಡಿಸೆಂಬರಿನಲ್ಲಿ ಅಮೆರಿಕದ ಸಂಸತ್ತು ಕೊನೆಗೂ ಆ ಹಳೆಯ ತೊಡಕನ್ನು ಸ್ವಲ್ಪ ಸಡಿಲಿಸುವ ಕಾನೂನು ಮಾಡಿತು. ಗಣಿಯೊಂದಿಗೆ ಯಾವ ಸಂಬಂಧವೂ ಇಲ್ಲದ ಸಂಘಸಂಸ್ಥೆಗಳು ಹೊಣೆಗಾರಿಕೆಯ ಭಯವಿಲ್ಲದೆ ಪಾಳುಗಣಿಗಳನ್ನು ಸರಿಪಡಿಸಲು ಪ್ರಾಯೋಗಿಕವಾಗಿ 15 ಪರವಾನಗಿಗಳನ್ನು ಕೊಡಬಹುದು. ಇಡೀ ದೇಶಕ್ಕೆ 15. ನಾನು ಇದನ್ನು ಸ್ವಾಗತಿಸುತ್ತೇನೆ, ಸಿಲ್ವರ್ಟನ್‌ನಂಥ ಊರುಗಳ ಜನ ದಶಕಗಳಿಂದ ಕೇಳುತ್ತಿದ್ದುದು ಇದನ್ನೇ. ಆದರೆ ಆ ಕೆಲಸಕ್ಕೆ ಖಚಿತವಾದ ಹಣದ ಮೂಲವನ್ನು ಆ ಕಾನೂನು ಕೊಟ್ಟಿಲ್ಲ. 1872ರ ಕಾನೂನಿಗೆ ರಾಜಧನದ ಒಂದು ಸಾಲು ಸೇರಿಸಿ, ಇಂದು ಸಾರ್ವಜನಿಕ ನೆಲದಲ್ಲಿ ಚಿನ್ನ, ತಾಮ್ರ ತೆಗೆಯುವವರಿಂದ ನಿನ್ನೆಯ ಸುರಂಗಗಳ ನೀರಿಗೆ ಖರ್ಚು ವಸೂಲು ಮಾಡಬೇಕೆಂಬ ಮಸೂದೆಗಳು ಹಲವು ಬಾರಿ ಬಂದು ಬಿದ್ದುಹೋಗಿವೆ. ಕಲ್ಲಿದ್ದಲು ತೆಗೆಯುವ ಕಂಪನಿಗಳಿಂದ 1977ರಿಂದಲೂ ಇಂಥ ಶುಲ್ಕ ವಸೂಲಾಗುತ್ತಿದೆ. ಚಿನ್ನ, ಬೆಳ್ಳಿ ತೆಗೆಯುವವರಿಗೆ ಏಕಿಲ್ಲ ಎಂಬುದನ್ನು ಅಲ್ಲಿನ ಜನಪ್ರತಿನಿಧಿಗಳು ಶಿಪ್‌ರಾಕಿನ ರೈತರ ಮುಂದೆ ನಿಂತು ವಿವರಿಸಬೇಕು.